ಬಿರುಗಾಳಿಯ ಮಿತಿರೇಖೆ ಮತ್ತು ಕೇರಳದ ಕಡಲು

ಒಂದು ಚಂಡಮಾರುತ ಎಷ್ಟು ಬಲಿಯಿತು ಎಂಬುದು ಒಂದು ಪ್ರಶ್ನೆ. ಆ ಹೊತ್ತಿನಲ್ಲಿ, ಆ ಕಡಲಿನ ಮೇಲೆ, ಅದು ಹೆಚ್ಚೆಂದರೆ ಎಷ್ಟು ಬಲಿಯಬಹುದಾಗಿತ್ತು ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹವಾಮಾನ ಇಲಾಖೆಯ ದಾಖಲೆಗಳಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಕಡಲಿನ ಮೈಯಿಂದ ಹಿಡಿದು ಸುಮಾರು ಹದಿನೇಳು ಕಿಲೋಮೀಟರ್ ಎತ್ತರದವರೆಗಿನ ಗಾಳಿಯ ಶಾಖ ಮತ್ತು ತೇವಗಳ ಲೆಕ್ಕ ಹಾಕಬೇಕಾಗುತ್ತದೆ. ಹೀಗೆ ಲೆಕ್ಕ ಹಾಕಿ ಪಡೆದ ಮೇಲ್ಮಿತಿಯನ್ನು ವಿಜ್ಞಾನಿಗಳು ‘ಸಂಭಾವ್ಯ ತೀವ್ರತೆ’ ಎಂದು ಕರೆಯುತ್ತಾರೆ. 2017ರ ಓಖಿ ಮತ್ತು 2021ರ ತೌಕ್ತೆ ಚಂಡಮಾರುತಗಳ ನಂತರ ಕೊಚ್ಚಿ, ತಿರುವನಂತಪುರಗಳ ಕರಾವಳಿಯನ್ನು ಕುರಿತು ನಡೆದ ಚರ್ಚೆಗಳಲ್ಲಿ ಈ ಎರಡು ಪ್ರಶ್ನೆಗಳು ಒಂದರೊಳಗೊಂದು ಬೆರೆತುಹೋಗಿದ್ದು, ಅರಬ್ಬಿ ಸಮುದ್ರ ಕಾಯುತ್ತಿದೆ, ಆದ್ದರಿಂದ ಚಂಡಮಾರುತಗಳು ಬಲಿಯುತ್ತಿವೆ ಎಂಬ ಒಂದೇ ವಾಕ್ಯದಲ್ಲಿ ಎಲ್ಲವನ್ನೂ ಮುಗಿಸುವ ರೂಢಿ ಬೆಳೆದಿದೆ. ಆ ವಾಕ್ಯ ಸುಳ್ಳಲ್ಲದಿದ್ದರೂ ಅರ್ಧ ಮಾತು ಮಾತ್ರ. ಕೇರಳಕ್ಕೆ ಹೆಚ್ಚು ಮುಖ್ಯವಾದ ಸಂಗತಿ ಉಳಿದ ಅರ್ಧದಲ್ಲಿದೆ. ಕೇರಳದ ಕಡಲಿನ ಮೇಲೆ ಈ ಮಿತಿ ವರ್ಷದ ಕೆಲವು ತಿಂಗಳುಗಳಲ್ಲಿ ಹಿಂದಿನಿಂದಲೂ ಎತ್ತರದಲ್ಲೇ ಇತ್ತು. ಅಷ್ಟೆತ್ತರಕ್ಕೆ ಏರಲು ಬಿರುಗಾಳಿಗೆ ಬಿಡುವು ಸಿಗುತ್ತಿರಲಿಲ್ಲವಾದ್ದರಿಂದ ನಾಡು ಬಹುಕಾಲ ಸುರಕ್ಷಿತವಾಗಿತ್ತು.

ಸಂಭಾವ್ಯ ತೀವ್ರತೆಯ ಸಿದ್ಧಾಂತಕ್ಕೆ ಇಂದಿನ ರೂಪ ಕೊಟ್ಟವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೆರ್ರಿ ಇಮ್ಯಾನುಯೆಲ್. 1980ರ ದಶಕದ ಉತ್ತರಾರ್ಧದಲ್ಲಿ ಅವರು ಚಂಡಮಾರುತವನ್ನು ಒಂದು ಶಾಖಯಂತ್ರವೆಂದು ಭಾವಿಸಿ ಅದರ ಲೆಕ್ಕವನ್ನು ಬಿಡಿಸಿದರು. ಉಗಿಯಂತ್ರಕ್ಕೆ ಕುದಿಯುವ ಹಂಡೆಯೂ ಬೇಕು, ಶಾಖವನ್ನು ಹೊರಗೆ ಬಿಡುವ ತಣ್ಣನೆಯ ಜಾಗವೂ ಬೇಕು. ಎರಡರ ನಡುವಿನ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಅದೇ ಶಾಖದಿಂದ ಹೆಚ್ಚು ಕೆಲಸ ಹುಟ್ಟುತ್ತದೆ. ಚಂಡಮಾರುತಕ್ಕೆ ಹಂಡೆಯಾಗುವುದು ಕಡಲಿನ ಮೇಲ್ಮೈ. ಅಲ್ಲಿ ಆವಿಯಾದ ನೀರು ಗಾಳಿಯೊಡನೆ ಸುತ್ತುತ್ತ ಕಣ್ಣಿನ ಸುತ್ತಲಿನ ಮೋಡದ ಗೋಡೆಯನ್ನು ಸೇರಿ ಮೇಲೇರುತ್ತದೆ, ಮೇಲೇರುತ್ತ ಮಳೆಯಾಗಿ ಸೋರಿ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ, ಕೊನೆಗೆ ಗಾಳಿ ವಾಯುಮಂಡಲದ ಕೆಳಗಿನ ಪದರದ ಮೇಲ್ಮಿತಿಯಲ್ಲಿ ಹೊರಕ್ಕೆ ಹರಡಿ ಉಳಿದ ಶಾಖವನ್ನು ಆಕಾಶಕ್ಕೆ ಸೂಸುತ್ತದೆ. ಮೋಡಗಳು ಮೇಲೇರುವುದನ್ನು ನಿಲ್ಲಿಸಿ ಅಡ್ಡಲಾಗಿ ಹರಡಿಕೊಳ್ಳುವ ಆ ಎತ್ತರಕ್ಕೆ ಟ್ರೋಪೋಪಾಸ್ ಎಂದು ಹೆಸರು. ಕೇರಳದ ನೆತ್ತಿಯ ಮೇಲೆ ಅದು ಸುಮಾರು 16ರಿಂದ 17 ಕಿಲೋಮೀಟರ್ ಎತ್ತರದಲ್ಲಿದ್ದು, ಅಲ್ಲಿನ ಉಷ್ಣತೆ ಸೊನ್ನೆಗಿಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಕಡಲು 30 ಡಿಗ್ರಿ ಇದ್ದರೆ ಯಂತ್ರದ ಎರಡು ತುದಿಗಳ ಅಂತರ 110 ಡಿಗ್ರಿ. ಈ ಅಂತರದಲ್ಲಿ ದುಡಿಯುವ ಆದರ್ಶ ಯಂತ್ರ ತಾನು ಪಡೆದ ಶಾಖದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚನ್ನು ಗಾಳಿಯ ಚಲನೆಯಾಗಿ ಮಾರ್ಪಡಿಸಬಲ್ಲದು. ಗಾಳಿ ಬಲಿತಂತೆ ಕಡಲಿನ ಮೈಯ ಮೇಲಿನ ಘರ್ಷಣೆಯೂ ಹೆಚ್ಚುತ್ತ ಹೋಗುವುದರಿಂದ, ಹುಟ್ಟುವ ಶಕ್ತಿ ಮತ್ತು ಘರ್ಷಣೆಯಲ್ಲಿ ಕಳೆಯುವ ಶಕ್ತಿ ಸರಿಸಮವಾಗುವ ವೇಗವೊಂದು ಬರುತ್ತದೆ. ಆ ವೇಗವೇ ಮಿತಿರೇಖೆ.

ಈ ಲೆಕ್ಕದ ಒಂದು ತುದಿಯನ್ನು ತಿರುವನಂತಪುರದಲ್ಲಿ ಪ್ರತಿದಿನ ಅಳೆಯಲಾಗುತ್ತಿದೆ. 1830ರ ದಶಕದಲ್ಲಿ ಸ್ವಾತಿ ತಿರುನಾಳ್ ಮಹಾರಾಜರ ಕಾಲದಲ್ಲೇ ವೀಕ್ಷಣಾಲಯ ಕಟ್ಟಿಕೊಂಡ ಈ ನಗರದಲ್ಲೂ, ಇನ್ನೂರು ಕಿಲೋಮೀಟರ್ ಉತ್ತರದ ಕೊಚ್ಚಿಯಲ್ಲೂ, ಭಾರತೀಯ ಹವಾಮಾನ ಇಲಾಖೆಯವರು ಜಲಜನಕ ತುಂಬಿದ ಬಲೂನಿಗೆ ಒಂದು ಪುಟ್ಟ ಪೆಟ್ಟಿಗೆಯನ್ನು ಕಟ್ಟಿ ಹಾರಿಬಿಡುತ್ತಾರೆ. ಜಗತ್ತಿನ ಎಲ್ಲ ಕೇಂದ್ರಗಳೂ ಒಂದೇ ಹೊತ್ತಿಗೆ ಅಳೆಯಬೇಕೆಂಬ ಒಪ್ಪಂದವಿರುವುದರಿಂದ ಭಾರತದಲ್ಲಿ ಆ ಹೊತ್ತು ಬೆಳಗಿನ ಅಥವಾ ಸಂಜೆಯ ಐದೂವರೆಯ ಆಸುಪಾಸಿಗೆ ಬೀಳುತ್ತದೆ. ರೇಡಿಯೊಸೋಂಡ್ ಎಂಬ ಆ ಪೆಟ್ಟಿಗೆ ಸೆಕೆಂಡಿಗೆ ಸುಮಾರು ಐದು ಮೀಟರಿನಂತೆ ಮೇಲೇರುತ್ತ ಉಷ್ಣತೆ, ತೇವ, ಒತ್ತಡ, ಗಾಳಿಗಳ ಲೆಕ್ಕವನ್ನು ರೇಡಿಯೊ ಮೂಲಕ ಕೆಳಗೆ ಕಳಿಸುತ್ತಿರುತ್ತದೆ. ಹೊರಟಾಗ ಬೆವರು ಬರಿಸುವ ಸೆಕೆ. ಕಾಲು ಗಂಟೆ ಕಳೆಯುವಷ್ಟರಲ್ಲಿ, ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿ, ನೀರು ಹೆಪ್ಪುಗಟ್ಟುವ ಚಳಿ. ಒಂದು ಗಂಟೆಯ ಹೊತ್ತಿಗೆ ಟ್ರೋಪೋಪಾಸಿನ ಕೊರೆತ. ಅದನ್ನು ದಾಟಿದ ಮೇಲೆ ಉಷ್ಣತೆ ಮತ್ತೆ ಏರತೊಡಗುತ್ತದೆ, ಬಲೂನು ಉಬ್ಬುತ್ತ ಉಬ್ಬುತ್ತ ಒಡೆದುಹೋಗುತ್ತದೆ. ಚಂಡಮಾರುತದ ಗಾಳಿ ತನ್ನ ಶಾಖವನ್ನು ಎಲ್ಲಿ, ಎಷ್ಟು ತಣ್ಣನೆಯ ಜಾಗದಲ್ಲಿ ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಕಡಲಿನ ಉಷ್ಣಮಾಪಕ ಹೇಳಲಾರದು. ಅದನ್ನು ಹೇಳುವುದು ಈ ಒಂದು ಗಂಟೆಯ ಪಯಣ.

ಕಡಲು ಒಂದು ಡಿಗ್ರಿ ಬಿಸಿಯಾದರೆ ಏನಾಗುತ್ತದೆ ಎಂದು ಈಗ ಕೇಳಿಕೊಳ್ಳಬಹುದು. ಎರಡು ತುದಿಗಳ ಅಂತರ 110ರಿಂದ 111ಕ್ಕೆ ಏರುತ್ತದೆ. ಯಂತ್ರದ ದಕ್ಷತೆಯಲ್ಲಿ ಆಗುವ ಹೆಚ್ಚಳ ಗಮನಕ್ಕೆ ಬಾರದಷ್ಟು ಸಣ್ಣದು. ಹೆಚ್ಚು ಪರಿಣಾಮ ಬರುವುದು ಬೇರೆ ದಾರಿಯಿಂದ: ಬಿಸಿಯಾದ ಗಾಳಿ ಡಿಗ್ರಿಗೆ ಶೇ. 6ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದಾದ್ದರಿಂದ ಕಡಲಿನಿಂದ ಗಾಳಿಗೆ ಏರಬಹುದಾದ ತೇವದ ಅವಕಾಶ ಆ ಪ್ರಮಾಣದಲ್ಲಿ ಹಿಗ್ಗಬಹುದು. ಗಾಳಿಯ ವೇಗ ಶಕ್ತಿಯ ವರ್ಗಮೂಲದಂತೆ ಬದಲಾಗುವುದರಿಂದ ಶೇ. 6 ಎಂಬುದು ವೇಗದಲ್ಲಿ ಶೇ. 3ರಷ್ಟಾಗಿ ಇಳಿಯುತ್ತದೆ. ಜಗತ್ತು ಎರಡು ಡಿಗ್ರಿ ಬಿಸಿಯಾದರೆ ಚಂಡಮಾರುತಗಳ ಗರಿಷ್ಠ ವೇಗ ಸರಾಸರಿ ಶೇ. 5ರಷ್ಟು ಹೆಚ್ಚಬಹುದೆಂದು ಥಾಮಸ್ ನಟ್ಸನ್ ಮತ್ತು ಸಹವಿಜ್ಞಾನಿಗಳು 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಂದಾಜಿಸಿದ್ದು ಈ ಸರಳ ಲೆಕ್ಕದಿಂದ ಬಹಳ ದೂರವೇನಿಲ್ಲ. ಶೇ. 5 ಎಂದೊಡನೆ ಇಷ್ಟೇ ತಾನೆ ಎನ್ನಿಸಬಹುದು. ಗಾಳಿಯ ಹೊಡೆತದ ಶಕ್ತಿ ವೇಗದ ಘನದಂತೆ, ಎಂದರೆ ವೇಗವನ್ನು ಮೂರು ಸಲ ಇಟ್ಟು ಪರಸ್ಪರ ಗುಣಿಸಿದಂತೆ ಏರುತ್ತದೆ ಎಂಬುದನ್ನು ನೆನಪಿಟ್ಟರೆ ಅದೇ ಶೇ. 5, ಹೊಡೆತದಲ್ಲಿ ಶೇ. 16ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಇಲ್ಲೊಂದು ತೊಡಕಿದೆ. ಉಷ್ಣವಲಯದ ಕಡಲುಗಳೆಲ್ಲ ಒಟ್ಟಾಗಿ ಬಿಸಿಯಾದಾಗ ಅವುಗಳಿಂದ ಎದ್ದ ಮೋಡಗಳು ಮೇಲಿನ ಗಾಳಿಯನ್ನೂ ಬಿಸಿ ಮಾಡುತ್ತವೆ, ಆ ಬಿಸಿ ಇಡೀ ಉಷ್ಣವಲಯದ ಮೇಲೆ ಬೇಗನೆ ಸಮವಾಗಿ ಹರಡಿಕೊಳ್ಳುತ್ತದೆ. ಕೆಳಗಿನದೂ ಮೇಲಿನದೂ ಒಟ್ಟಿಗೇ ಕಾದರೆ ಯಂತ್ರಕ್ಕೆ ಸಿಗುವ ಲಾಭ ಕಡಿಮೆ. ಒಂದು ಕಡಲು ಮಾತ್ರ ಉಳಿದ ಕಡಲುಗಳಿಗಿಂತ ಹೆಚ್ಚು ಕಾದರೆ, ಅದರ ಮೇಲಿನ ಆಕಾಶ ಉಳಿದವುಗಳ ಸರಾಸರಿಯಂತೆಯೇ ಉಳಿಯುವುದರಿಂದ, ಅಲ್ಲಿ ಮಿತಿರೇಖೆ ನಿಜವಾಗಿ ಜಿಗಿಯುತ್ತದೆ. ಗೇಬ್ರಿಯಲ್ ವೆಕ್ಕಿ ಮತ್ತು ಬ್ರಯನ್ ಸೋಡನ್ 2007ರಲ್ಲಿ ಈ ಅಂಶವನ್ನು ಎತ್ತಿ ತೋರಿಸಿದರು. ಚಂಡಮಾರುತ ಹುಟ್ಟಲು ಕಡಲು 26.5 ಡಿಗ್ರಿ ಬಿಸಿಯಿರಬೇಕೆಂಬ ಪಠ್ಯಪುಸ್ತಕದ ಸೂತ್ರವೂ ಇದೇ ಕಾರಣಕ್ಕೆ ಪ್ರಕೃತಿಯ ಕಾಯಂ ನಿಯಮವಲ್ಲ. ಇಂದಿನ ಆಕಾಶದ ಸ್ಥಿತಿಗೆ ಹೊಂದುವ ಒಂದು ಅಂಕಿ ಅಷ್ಟೆ. ಪಶ್ಚಿಮ ಹಿಂದೂ ಮಹಾಸಾಗರ 1901ರಿಂದ 2012ರ ನಡುವೆ ಮುಂಗಾರಿನ ತಿಂಗಳುಗಳಲ್ಲಿ 1.2 ಡಿಗ್ರಿಯಷ್ಟು ಬಿಸಿಯಾಗಿರುವುದನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟಾಗ ಆತಂಕ ಪಡಬೇಕಾದದ್ದು ಆ ಅಂಕಿಗಿಂತ ಹೆಚ್ಚಾಗಿ, ಈ ಕಡಲು ಉಷ್ಣವಲಯದ ಇತರ ಕಡಲುಗಳನ್ನು ಹಿಂದೆ ಹಾಕಿ ಕಾಯುತ್ತಿದೆ ಎಂಬ ಸಂಗತಿಗೆ.

ಇನ್ನೂ ಆಳಕ್ಕೆ ಇಳಿದರೆ, ಕಾಲಾಂತರದಲ್ಲಿ ಮಿತಿರೇಖೆಯನ್ನು ಏರಿಳಿಸುವ ಮೂಲ ಕಾರಣವೆಂದು ಕಡಲಿನ ಉಷ್ಣತೆಯನ್ನು ಹೇಳುವುದೇ ಸರಿಯಲ್ಲವೆಂದು ಕಾಣುತ್ತದೆ. ಕಡಲಿನ ಉಷ್ಣತೆ ಕೂಡ ಒಂದು ಫಲ. ಬಿಸಿಲಿನಿಂದ ಮತ್ತು ಆಕಾಶದಿಂದ ಕಡಲಿಗೆ ಬರುವ ಶಾಖ ಬಹುಮಟ್ಟಿಗೆ ಆವಿಯ ಮೂಲಕವೇ ಹೊರಹೋಗಬೇಕು. ಗಾಳಿ ಜೋರಾಗಿ ಬೀಸುವ ಕಡೆ ಸ್ವಲ್ಪ ತೇವದ ಅಂತರವಿದ್ದರೂ ಸಾಕಷ್ಟು ಆವಿ ಎದ್ದು ಶಾಖ ಖರ್ಚಾಗುತ್ತದೆ. ಗಾಳಿ ಮಂದವಾಗಿರುವ ಕಡೆ ಅಷ್ಟೇ ಶಾಖವನ್ನು ಹೊರಹಾಕಲು ಕಡಲು ಹೆಚ್ಚು ಕಾದು, ತನಗೂ ಮೇಲಿನ ಗಾಳಿಗೂ ನಡುವಿನ ಅಂತರವನ್ನು ಹಿಗ್ಗಿಸಿಕೊಳ್ಳಬೇಕಾಗುತ್ತದೆ. ಒದ್ದೆ ಬಟ್ಟೆ ಗಾಳಿಯಿದ್ದ ದಿನ ಬೇಗ ಒಣಗಿ, ಗಾಳಿಯಿಲ್ಲದ ಸೆಕೆಯ ದಿನ ಹಸಿಯಾಗಿಯೇ ಉಳಿಯುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಚಂಡಮಾರುತದ ಇಂಧನವೆಂದರೆ ಹೀಗೆ ಖರ್ಚಾಗದೆ ಉಳಿದ ಅಂತರವೇ. ಬಿಸಿಲು ಹೆಚ್ಚಿದರೆ, ಸಾಧಾರಣ ಗಾಳಿ ತಗ್ಗಿದರೆ, ಪ್ರವಾಹಗಳು ಬೇರೆಡೆಯಿಂದ ಶಾಖವನ್ನು ತಂದು ಸುರಿದರೆ, ಮೇಲಿನ ಆಕಾಶ ತಣ್ಣಗಾದರೆ ಮಿತಿರೇಖೆ ಏರುತ್ತದೆ. ಇವು ತಿರುಗುಮುರುಗಾದರೆ ಇಳಿಯುತ್ತದೆ. 1991ರ ಜೂನ್‌ನಲ್ಲಿ ಫಿಲಿಪೀನ್ಸ್‌ನ ಪಿನಟೂಬೊ ಜ್ವಾಲಾಮುಖಿ ಉಗುಳಿದ ಗಂಧಕದ ಕಣಗಳು ಬಿಸಿಲನ್ನು ತಡೆದು ಕಡಲನ್ನು ತಂಪಾಗಿಸಿದ್ದಲ್ಲದೆ ಟ್ರೋಪೋಪಾಸಿನ ಮೇಲಿನ ಗಾಳಿಯನ್ನು ಬಿಸಿ ಮಾಡಿ, ಎರಡೂ ತುದಿಗಳಿಂದ ಯಂತ್ರವನ್ನು ದುರ್ಬಲಗೊಳಿಸಿದವು.

ಈ ಮಾತಿಗೆ ಕೊಚ್ಚಿಯ ಪಶ್ಚಿಮಕ್ಕೆ, ಲಕ್ಷದ್ವೀಪದವರೆಗೆ ಹರಡಿರುವ ಕಡಲಿಗಿಂತ ಒಳ್ಳೆಯ ನಿದರ್ಶನ ಹುಡುಕುವುದು ಕಷ್ಟ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಲ್ಲಿನ ನೀರು 30 ಡಿಗ್ರಿಯನ್ನು ಮೀರಿ, ಜಗತ್ತಿನ ಅತ್ಯಂತ ಬಿಸಿಯಾದ ತೆರೆದ ಕಡಲುಗಳ ಸಾಲಿಗೆ ಸೇರುತ್ತದೆ. ‘ಅರಬ್ಬಿ ಸಮುದ್ರದ ಕಿರು ಬಿಸಿಕೊಳ’ ಎಂದು ಸಂಶೋಧಕರು ಕರೆಯುವ ಈ ಪ್ರದೇಶವನ್ನು ಮುಂಗಾರಿನ ಆಗಮನದೊಂದಿಗೆ ಜೋಡಿಸಿ ಅಧ್ಯಯನ ಮಾಡಿದವರಲ್ಲಿ ಹವಾಮಾನ ಇಲಾಖೆಯಲ್ಲಿದ್ದು ಬಳಿಕ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದಲ್ಲಿ ದುಡಿದ ಪಿ. ವಿ. ಜೋಸೆಫ್ ಪ್ರಮುಖರು. ಇದರ ತಯಾರಿ ಆರು ತಿಂಗಳ ಮೊದಲೇ ಶುರುವಾಗುತ್ತದೆ. ನವೆಂಬರ್‌ನಿಂದ ಮುಂದಕ್ಕೆ ಬಂಗಾಳ ಕೊಲ್ಲಿಯ ನೀರು ಶ್ರೀಲಂಕಾವನ್ನು ಬಳಸಿ, ಕನ್ಯಾಕುಮಾರಿಯನ್ನು ದಾಟಿ ಕೇರಳದ ಕಡೆಗೆ ಹರಿದುಬರುತ್ತದೆ. ಗಂಗೆ, ಬ್ರಹ್ಮಪುತ್ರ, ಗೋದಾವರಿಗಳ ಸಿಹಿನೀರು ಬೆರೆತ ಆ ನೀರಿನಲ್ಲಿ ಉಪ್ಪು ಕಡಿಮೆ. ಉಪ್ಪು ಕಡಿಮೆಯಾದ್ದರಿಂದ ಹಗುರ. ಹಗುರವಾದ್ದರಿಂದ ಅರಬ್ಬಿ ಸಮುದ್ರದ ಭಾರವಾದ ಉಪ್ಪುನೀರಿನ ಮೇಲೆ ತೆಳುವಾದ ಹೊದಿಕೆಯಂತೆ ಹರಡಿಕೊಳ್ಳುತ್ತದೆ. ಕೆಳಗಿನ ನೀರು ಈ ಹೊದಿಕೆಯನ್ನು ಭೇದಿಸಿ ಮೇಲೆ ಬೆರೆಯಲಾರದು. ಬೆರೆಕೆಗೆ ಅಡ್ಡ ನಿಂತ ಈ ನಡುವಿನ ಪದರವನ್ನು ಕಡಲ ವಿಜ್ಞಾನದಲ್ಲಿ ತಡೆಪದರ ಎನ್ನುತ್ತಾರೆ. ಅದರ ಮೇಲಿನ ತೆಳು ನೀರಿಗೆ ಬಿದ್ದ ಬಿಸಿಲು ಆಳಕ್ಕೆ ಹಂಚಿಹೋಗದೆ ಅಲ್ಲೇ ಉಳಿಯುತ್ತದೆ.

ಗಾಳಿಯ ಪಾತ್ರವೂ ಇಲ್ಲಿ ಅಷ್ಟೇ ಸ್ಪಷ್ಟ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿಗೆ ಪಶ್ಚಿಮ ಘಟ್ಟಗಳು ಅಡ್ಡವಾಗಿ ನಿಂತಿರುವುದರಿಂದ ಅವುಗಳ ಮರೆಯಲ್ಲಿರುವ ಕಡಲಿನ ಮೇಲೆ ಗಾಳಿ ಮಂದವಾಗಿ, ಆವಿಯ ಮೂಲಕ ಹೋಗಬೇಕಾದ ಶಾಖ ಕಡಲಿನಲ್ಲೇ ಉಳಿದುಕೊಳ್ಳುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಮತ್ತು ಅವರ ಸಹಸಂಶೋಧಕರು 2007ರಲ್ಲಿ ಗಣಕ ಮಾದರಿಗಳ ಮೂಲಕ ತೋರಿಸಿದರು. ಸಹ್ಯಾದ್ರಿಯನ್ನು ಮುಂಗಾರಿನ ಮೋಡಗಳನ್ನು ತಡೆದು ಮಳೆ ಸುರಿಸುವ ಬೆಟ್ಟಸಾಲೆಂದು ಎಲ್ಲರೂ ಬಲ್ಲರು. ಅದೇ ಬೆಟ್ಟಸಾಲು ಚಳಿಗಾಲದಲ್ಲಿ ಗಾಳಿಗೆ ಬೆನ್ನು ಕೊಟ್ಟು ಒಂದು ಕಡಲನ್ನು ಬೆಚ್ಚಗೆ ಕಾಯುತ್ತದೆ ಎಂಬುದು ಮನಸ್ಸನ್ನು ಹಿಡಿದು ನಿಲ್ಲಿಸುವ ವಿಚಾರ. ಮಾರ್ಚ್ ನಂತರ ಆಕಾಶ ತಿಳಿಯಾಗಿ, ಬಿಸಿಲು ನೆತ್ತಿಗೇರಿ, ಗಾಳಿ ಇನ್ನೂ ಬಿದ್ದುಹೋದಾಗ ಆ ಹದವಾದ ಕಡಲು ಕಾಯದೆ ಇರಲಾರದು. ತುಂಬು ಬಿಸಿಲು, ಮಂದ ಗಾಳಿ, ತೆಳು ಪದರ: ದಶಕಗಳ ಅವಧಿಯಲ್ಲಿ ಮಿತಿರೇಖೆಯನ್ನು ಏರಿಸುವುದೆಂದು ಸಿದ್ಧಾಂತ ಹೇಳುವ ಕಾರಣಗಳು ಇಲ್ಲಿ ಪ್ರತಿ ವರ್ಷ ಎರಡೇ ತಿಂಗಳಲ್ಲಿ ಒಟ್ಟುಗೂಡುತ್ತವೆ. ಋತುವಿನ ಅವಧಿಯಲ್ಲಿ ಕಡಲು ಒಂದಷ್ಟು ಶಾಖವನ್ನು ಕೂಡಿಟ್ಟುಕೊಳ್ಳುವುದರಿಂದ ಎರಡೂ ಲೆಕ್ಕಗಳು ಅಂಕಿಗೆ ಅಂಕಿ ಕೂಡುವುದಿಲ್ಲ. ಆದರೆ ದಿಕ್ಕು ಒಂದೇ.

ಜೂನ್ ಒಂದರ ಆಸುಪಾಸಿಗೆ ಮುಂಗಾರು ಕೇರಳವನ್ನು ಮುಟ್ಟಿದಾಗ ಈ ಕೊಳ ಕೆಲವೇ ದಿನಗಳಲ್ಲಿ ತಣ್ಣಗಾಗುತ್ತದೆ. ಮೋಡ ಬಿಸಿಲನ್ನು ಮುಚ್ಚುತ್ತದೆ, ಗಾಳಿ ಆವಿಯನ್ನು ಹೊತ್ತೊಯ್ಯುತ್ತದೆ, ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲೇಳುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ಗಾಳಿಯ ಪದರಗಳದು: ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಬಲವಾದ ಗಾಳಿ ಬೀಸುತ್ತಿದ್ದರೆ, ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ಅದಕ್ಕೆ ಎದುರಾಗಿ ಪೂರ್ವದಿಂದ ಬಿರುಸಾದ ಗಾಳಿ ಹರಿಯುತ್ತಿರುತ್ತದೆ. ಎತ್ತರ ಬದಲಾದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುವ ಈ ಸ್ಥಿತಿಗೆ ವಿಂಡ್ ಶಿಯರ್ ಎನ್ನುತ್ತಾರೆ. ಚಂಡಮಾರುತ ನಿಲ್ಲಬೇಕಾದರೆ ಅದರ ಬಿಸಿ ಕಂಬ ಕೆಳಗಿನಿಂದ ಮೇಲಿನವರೆಗೆ ನೆಟ್ಟಗಿರಬೇಕು. ಬುಡವನ್ನು ಒಂದು ಕಡೆಗೆ, ತುದಿಯನ್ನು ಇನ್ನೊಂದು ಕಡೆಗೆ ಎಳೆದರೆ ಕಂಬ ವಾಲಿ ಒಣಗಾಳಿ ಒಳನುಗ್ಗುತ್ತದೆ. ಆದ್ದರಿಂದಲೇ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಮುಂಗಾರಿಗೆ ಮೊದಲು ಮೇ–ಜೂನ್‌ನಲ್ಲಿ, ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹೀಗೆ ಎರಡು ಕಿಂಡಿಗಳಲ್ಲೇ ಹೆಚ್ಚಾಗಿ ತಲೆಯೆತ್ತುತ್ತವೆ. ಕೇರಳಕ್ಕೆ ಇನ್ನೂ ಎರಡು ರಕ್ಷೆಗಳಿದ್ದವು. ತಿರುವನಂತಪುರ ಸಮಭಾಜಕ ವೃತ್ತದಿಂದ ಎಂಟೂವರೆ ಡಿಗ್ರಿ, ಕೊಚ್ಚಿ ಹತ್ತು ಡಿಗ್ರಿ ದೂರದಲ್ಲಿದ್ದು, ಭೂಮಿಯ ತಿರುಗುವಿಕೆಯಿಂದ ಗಾಳಿಗೆ ಸಿಗುವ ಸುಳಿಯ ಬಲ ಅಲ್ಲಿ ಕಡಿಮೆ. ಹುಟ್ಟಿದ ಸುಳಿಗಳೂ ಸಾಮಾನ್ಯವಾಗಿ ಪಶ್ಚಿಮಕ್ಕೋ ವಾಯವ್ಯಕ್ಕೋ ಹೊರಟು ಕರಾವಳಿಯಿಂದ ದೂರ ಸರಿಯುತ್ತವೆ. ಮುಂಗಾರಿನ ತಂಪನ್ನು ಬಿಟ್ಟರೆ ಈ ರಕ್ಷೆಗಳಲ್ಲಿ ಯಾವುದೂ ಕಡಲಿನ ಉಷ್ಣತೆಗೆ ಸೇರಿದ್ದಲ್ಲ.

ಓಖಿಯ ಸಂದರ್ಭದಲ್ಲಿ ಈ ರಕ್ಷೆಗಳು ಸಾಕಾಗಲಿಲ್ಲ. 2017ರ ನವೆಂಬರ್ 29ರಂದು ಶ್ರೀಲಂಕಾದ ಬಳಿ ವಾಯುಭಾರ ಕುಸಿತವಾಗಿ ಕಾಣಿಸಿಕೊಂಡ ಅದು 30ರ ಬೆಳಗಿಗೆ ಕನ್ಯಾಕುಮಾರಿಯ ಸಮೀಪದ ಕಡಲಿನಲ್ಲಿ ಚಂಡಮಾರುತವಾಯಿತು, ಡಿಸೆಂಬರ್ 1ರಂದು ಲಕ್ಷದ್ವೀಪದ ಕಡಲನ್ನು ಹೊಕ್ಕಾಗ ಅತಿ ತೀವ್ರ ಚಂಡಮಾರುತವೆನಿಸಿತು. ಅದರ ಗರಿಷ್ಠ ವೇಗ ಗಂಟೆಗೆ 150–160 ಕಿಲೋಮೀಟರ್. ತಿರುವನಂತಪುರದ ಪೂಂದುರ, ವಿಳಿಞ್ಞಂಗಳಿಂದಲೂ ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನ ಕಡೆಯಿಂದಲೂ ಮೀನಿಗೆ ಹೋಗಿದ್ದ ನೂರಾರು ಮಂದಿ ಹಿಂದಿರುಗಲಿಲ್ಲ. ಬದುಕುಳಿದವರ ದೋಣಿಗಳು ಮಹಾರಾಷ್ಟ್ರದ ದೇವಗಡದವರೆಗೂ ಹೋಗಿ ಆಶ್ರಯ ಪಡೆದವು. ನವೆಂಬರ್ ಕೊನೆಯ ಆ ಕಡಲಿನಲ್ಲಿ ಮೇ ತಿಂಗಳ ಬಿಸಿ ಇರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅಷ್ಟು ಸಾಧಾರಣ ಬಿಸಿಯಲ್ಲೂ ಮಿತಿರೇಖೆ ಓಖಿ ತಲುಪಿದ ವೇಗಕ್ಕಿಂತ ಮೇಲೇ ಇತ್ತು. ಅಂಥ ಸುಳಿಗೆ ಸಾಮಾನ್ಯವಾಗಿ ಸಿಗದ ಬಿಡುವು ಅಂದು ಸಿಕ್ಕಿತು.

ಮಿತಿಯನ್ನು ಮುಟ್ಟುವ ಚಂಡಮಾರುತಗಳೇ ವಿರಳವಾದರೆ ಮಿತಿಯ ಚರ್ಚೆ ಏಕೆ ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಉತ್ತರ ಇಮ್ಯಾನುಯೆಲ್ ಅವರೇ 2000ದಲ್ಲಿ ಪ್ರಕಟಿಸಿದ ಒಂದು ಅಂಕಿಅಂಶದ ವಿಶ್ಲೇಷಣೆಯಲ್ಲಿದೆ. ಒಮ್ಮೆ ಗಂಟೆಗೆ ಸುಮಾರು 119 ಕಿಲೋಮೀಟರಿನ ಹಂತ ದಾಟಿದ ಚಂಡಮಾರುತವೊಂದು, ಆ ಹಂತ ಮತ್ತು ಮಿತಿಯ ನಡುವಿನ ಯಾವ ತೀವ್ರತೆಯಲ್ಲಿ ಬೇಕಾದರೂ ನಿಲ್ಲುವ ಸಾಧ್ಯತೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಮಿತಿ ಮೇಲೆ ಸರಿದರೆ ಅತಿ ಬಲಿಷ್ಠವಾದವುಗಳು ಮಾತ್ರವಲ್ಲ, ಎಲ್ಲ ಬಲಿತ ಚಂಡಮಾರುತಗಳೂ ಹಿಗ್ಗಿದ ಏಣಿಯ ಮೇಲೆ ಹಂಚಿಹೋಗುತ್ತವೆ. ಪುಣೆಯ ಸಂಸ್ಥೆಯ ಮೇಧಾ ದೇಶಪಾಂಡೆ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು, ಅತಿ ತೀವ್ರವಾದವುಗಳ ಸಂಖ್ಯೆ ಶೇ. 150ರಷ್ಟು ಹೆಚ್ಚಿದ್ದು, ಬಂಗಾಳ ಕೊಲ್ಲಿಯಲ್ಲಿ ಸಂಖ್ಯೆ ಶೇ. 8ರಷ್ಟು ಇಳಿದಿದೆ. ಒಂದು ಡಿಗ್ರಿಗೆ ಶೇ. 3ರ ಲೆಕ್ಕದಿಂದ ಇಂಥ ಜಿಗಿತವನ್ನು ವಿವರಿಸಲಾಗದು. ಅರಬ್ಬಿ ಸಮುದ್ರದ ಒಟ್ಟು ಸಂಖ್ಯೆಯೇ ಚಿಕ್ಕದಾದ್ದರಿಂದ ಶೇಕಡಾವಾರುಗಳು ಸುಲಭವಾಗಿ ಉಬ್ಬುತ್ತವೆ ಎಂಬ ಎಚ್ಚರ ಇರಬೇಕಾದರೂ, ಮಿತಿಯ ಏರಿಕೆಗಿಂತ ಮಿತಿಯ ಕಡೆಗಿನ ದಾರಿ ತೆರೆದುಕೊಂಡದ್ದೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ ಎಂದು ತೀರ್ಮಾನಿಸಲು ಆಧಾರವಿದೆ.

ಆ ದಾರಿಯನ್ನು ತೆರೆದವರಲ್ಲಿ ಮನುಷ್ಯನೂ ಇರಬಹುದೆಂಬ ವಾದ ಹೊಗೆಯ ಸುತ್ತ ನಡೆದಿದೆ. ಒಲೆ, ವಾಹನ, ಕಾರ್ಖಾನೆಗಳಿಂದ ಎದ್ದು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಏರೋಸಾಲ್‌ಗಳೆನ್ನುತ್ತಾರೆ. ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಭಾಗವಾದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯ 1980ರ ದಶಕದಿಂದಲೂ ಇವುಗಳನ್ನು ಅಳೆಯುತ್ತ ಬಂದಿದೆ. 1999ರ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಪ್ರಯೋಗ ಚಳಿಗಾಲದಲ್ಲಿ ಈ ಕಣಗಳ ಕಂದು ಮಬ್ಬು ಅರಬ್ಬಿ ಸಮುದ್ರದ ಮೇಲೆ ಬಹುದೂರ ಹರಡಿರುವುದನ್ನು ಜಗತ್ತಿಗೆ ತೋರಿಸಿತು. ಮಬ್ಬು ಬಿಸಿಲನ್ನು ತಡೆಯುವುದರಿಂದ ಮಿತಿರೇಖೆಯನ್ನು ತಗ್ಗಿಸಬೇಕು. ಕಡಲಿನ ಉಷ್ಣತೆಯಲ್ಲಿ ಒಂದೇ ಪ್ರಮಾಣದ ಬದಲಾವಣೆಯಾದರೂ ಅದು ಬಿಸಿಲಿನ ಏರಿಳಿತದಿಂದ ಬಂದಿದ್ದರೆ ಹಸಿರುಮನೆ ಅನಿಲಗಳಿಂದ ಬಂದುದಕ್ಕಿಂತ ಸುಮಾರು ಎರಡು ಪಟ್ಟು ಪರಿಣಾಮವನ್ನು ಮಿತಿರೇಖೆಯ ಮೇಲೆ ಬೀರುತ್ತದೆ; ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಜಗತ್ತಿನ ಹೊಗೆ, ಅನಿಲಗಳು ಏರಿಸಬೇಕಾಗಿದ್ದ ಮಿತಿಯನ್ನು ಹಿಡಿದಿಟ್ಟಿತ್ತೆಂದು ಆಡಂ ಸೊಬೆಲ್ ಮತ್ತು ಸಹಲೇಖಕರು 2016ರಲ್ಲಿ ವಾದಿಸಿದ್ದು ಈ ನೆಲೆಯಿಂದಲೇ. ಆದರೆ ಅಮಾಟೊ ಎವಾನ್, ವಿ. ರಾಮನಾಥನ್ ಮೊದಲಾದವರು 2011ರಲ್ಲಿ ಇನ್ನೊಂದು ಮುಖವನ್ನು ಮುಂದಿಟ್ಟರು: ಮಬ್ಬು ಉತ್ತರದ ಕಡಲನ್ನು ತಂಪಾಗಿಸಿ ಗಾಳಿಯ ಪದರಗಳ ಎಳೆದಾಟವನ್ನು, ಎಂದರೆ ವಿಂಡ್ ಶಿಯರನ್ನು, ತಗ್ಗಿಸಿತು, ಅದರಿಂದ ಮುಂಗಾರಿಗೆ ಮೊದಲಿನ ಚಂಡಮಾರುತಗಳು ಬಲಿತವು ಎಂದು. ಮರುವರ್ಷವೇ ಮತ್ತೊಂದು ತಂಡ, ಚಂಡಮಾರುತಗಳು ಋತುವಿನಲ್ಲಿ ಮುಂಚಿತವಾಗಿ ಏಳತೊಡಗಿದ್ದರಿಂದ ಎಳೆದಾಟ ಕಡಿಮೆಯಿರುವ ದಿನಗಳು ಅವಕ್ಕೆ ಸಿಕ್ಕವು, ಹೊಗೆಯನ್ನು ದೂರಬೇಕಿಲ್ಲ ಎಂದು ಉತ್ತರ ಕೊಟ್ಟಿತು. ವಿವಾದ ಮುಗಿದಿಲ್ಲ. ಎರಡೂ ಪಕ್ಷಗಳು ಒಪ್ಪುವ ಒಂದು ಅಂಶ ಮಾತ್ರ ಗಮನಾರ್ಹ: ಬದಲಾದದ್ದು ಎಳೆದಾಟ. ಗಾಳಿಯನ್ನು ಶುದ್ಧವಾಗಿಡುವುದು ಜನರ ಉಸಿರಿಗಾಗಿ ಆಗಲೇಬೇಕಾದ ಕೆಲಸ. ಅದಾದಾಗ ಹೊಗೆ ಮುಚ್ಚಿಟ್ಟಿದ್ದ ಬಿಸಿಲು ಕಡಲಿಗೆ ಮರಳಿ, ಮಿತಿರೇಖೆ ಇನ್ನಷ್ಟು ಏರುತ್ತದೆಂಬುದನ್ನು ಕರಾವಳಿಯ ಯೋಜನೆಗಳು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಂತ್ರದ ತಣ್ಣನೆಯ ತುದಿಯ ಇತಿಹಾಸ ಇನ್ನೂ ಮಸುಕಾಗಿದೆ. ಅಟ್ಲಾಂಟಿಕ್‌ನಲ್ಲಿ ಮಿತಿರೇಖೆ ಏರಿದ್ದಕ್ಕೆ ಟ್ರೋಪೋಪಾಸಿನ ಸುತ್ತಲಿನ ಗಾಳಿ ತಂಪಾದದ್ದು ದೊಡ್ಡ ಕಾರಣವೆಂದು ಇಮ್ಯಾನುಯೆಲ್ ಮತ್ತು ಸಂಗಡಿಗರು 2013ರಲ್ಲಿ ಹೇಳಿದರೆ, ಅದೇ ವರ್ಷ ವೆಕ್ಕಿ ಮತ್ತು ಸಂಗಡಿಗರು ಅವರು ಬಳಸಿದ ದತ್ತಾಂಶದಲ್ಲಿ ಆ ತಂಪು ಅತಿಯಾಗಿ ಕಾಣಿಸಿಕೊಂಡಿದೆ ಎಂದರು. ಒಂದೇ ಸಿದ್ಧಾಂತವನ್ನು ನಂಬಿದ ಎರಡು ತಂಡಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದದ್ದು ಮೇಲಿನ ಗಾಳಿಯ ಅಂಕಿಗಳ ಗುಣಮಟ್ಟದಿಂದಾಗಿ. ಭಾರತದಲ್ಲೂ ಹಳೆಯ ರೇಡಿಯೊಸೋಂಡ್‌ಗಳ ಜಾಗಕ್ಕೆ 2009ರ ನಂತರ ಹಂತಹಂತವಾಗಿ ಜಿಪಿಎಸ್ ಪೆಟ್ಟಿಗೆಗಳು ಬಂದು ಅಳತೆ ಬಹಳ ಸುಧಾರಿಸಿತು. ಆದರೆ ಸಾಧನ ಬದಲಾದ ಕಡೆ ಅಂಕಿಯಲ್ಲಿ ಬೀಳುವ ಮೆಟ್ಟಿಲನ್ನು ಹವಾಮಾನದ ಬದಲಾವಣೆಯಿಂದ ಬೇರ್ಪಡಿಸದೆ ಕೇರಳದ ಆಕಾಶ ನಲವತ್ತು ವರ್ಷಗಳಲ್ಲಿ ಎಷ್ಟು ತಂಪಾಯಿತು ಎಂದು ಹೇಳಹೊರಡುವುದು ದುಡುಕು. ತಿರುವನಂತಪುರದ ಬಳಿಯ ತುಂಬಾದಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. 1970ರ ದಶಕದಲ್ಲಿ ಅಲ್ಲಿಂದ ವಾರಕ್ಕೊಂದರಂತೆ ಸೋವಿಯತ್ ಎಂ–100 ರಾಕೆಟ್‌ಗಳು ಬಲೂನು ಮುಟ್ಟಲಾಗದ ಎತ್ತರದ ಉಷ್ಣತೆಯನ್ನು ಅಳೆಯಲೆಂದೇ ಏರುತ್ತಿದ್ದವೆಂಬುದನ್ನು ನೆನೆಯುವವರು ಕಡಿಮೆ. ಮೇಲಿನ ಆಕಾಶವನ್ನು ಬಿಡದೆ ಅಳೆಯುವ ಶಿಸ್ತು ಈ ನಾಡಿಗೆ ಹೊಸದಲ್ಲ. ಕೊಚ್ಚಿಯ ವಿಶ್ವವಿದ್ಯಾನಿಲಯದಲ್ಲಿ 205 ಮೆಗಾಹರ್ಟ್ಸ್‌ನ ರೇಡಾರ್ ಇಂದು ತನ್ನ ನೆತ್ತಿಯ ಮೇಲಿನ ಗಾಳಿಯ ಪದರಪದರವನ್ನೂ ಓದುತ್ತಿದೆ. ಗಾಳಿಯ ಎಳೆದಾಟವೇ ಕೇರಳದ ಮುಖ್ಯ ರಕ್ಷೆಯಾಗಿರುವಾಗ ಇಂಥ ಉಪಕರಣದ ಬೆಲೆ ಸಂಶೋಧನಾ ಪ್ರಬಂಧಗಳಿಗಷ್ಟೇ ಸೀಮಿತವಲ್ಲ.

ಹಿಂದಿನ ನೂರು ವರ್ಷಗಳಲ್ಲಿ ಬಾರದಿದ್ದುದು ಮುಂದೆಯೂ ಬಾರದು ಎಂಬ ನಂಬಿಕೆಯ ಮೇಲೆ ಕೇರಳದ ಕಡಲತೀರದ ಬಹುಪಾಲು ಕಟ್ಟಡ ನಿಂತಿದೆ. ತೌಕ್ತೆ ಕೇರಳದ ನೆಲವನ್ನು ಮುಟ್ಟದೆ, ಗುಜರಾತಿನ ಕಡೆಗೆ ಹೋಗುತ್ತ ಬಲಿತು, 2021ರ ಮೇ 17ರ ರಾತ್ರಿ ಊನಾ ಸಮೀಪ ದಡ ಸೇರಿತು. ಅದು ಲಕ್ಷದ್ವೀಪದ ಬಳಿ ಇನ್ನೂ ಎಳೆಯದಾಗಿದ್ದಾಗ ಎಬ್ಬಿಸಿದ ಅಲೆಗಳೇ ಕೊಚ್ಚಿಯ ಚೆಲ್ಲಾನದಲ್ಲಿ ಮನೆಗಳೊಳಗೆ ನುಗ್ಗಿ ಮರಳು ತುಂಬಿದವು, ಉಡುಪಿ–ಉಳ್ಳಾಲಗಳವರೆಗೂ ದಡವನ್ನು ಕಡಿದವು. ಚೆಲ್ಲಾನದಲ್ಲಿ ಬಳಿಕ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳ ಗೋಡೆ ಎದ್ದಿತು. ಅಂಥ ಗೋಡೆಯ ಎತ್ತರವನ್ನು ಕಂಡ ಅಲೆಗಳ ದಾಖಲೆಯಿಂದ ನಿರ್ಧರಿಸುವುದಕ್ಕೂ ಅದೇ ಕಡಲಿನ ಮೇಲೆ ಮೇ ತಿಂಗಳ ಮಿತಿರೇಖೆ ಅನುಮತಿಸುವ ಗಾಳಿಯಿಂದ ಲೆಕ್ಕ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ. ಬಂದರು, ಅಲೆತಡೆ, ಮೀನುಗಾರರ ವಸತಿಗಳ ವಿಷಯದಲ್ಲಿ ಎರಡನೆಯ ಕ್ರಮವೇ ಸರಿ. ಏಕೆಂದರೆ ದಾಖಲೆ ಹೇಳುವುದು ರಕ್ಷೆಗಳು ಎಷ್ಟು ಸಲ ಕೈಹಿಡಿದವು ಎಂಬುದನ್ನು, ಕೈಬಿಟ್ಟ ದಿನ ಏನಾಗಬಹುದು ಎಂಬುದನ್ನಲ್ಲ. ದಿನದಿನದ ಎಚ್ಚರಿಕೆಯ ವಿಷಯ ಬೇರೆ. 2020ರ ಡಿಸೆಂಬರ್‌ನಲ್ಲಿ ಬುರೆವಿ ಚಂಡಮಾರುತ ತಿರುವನಂತಪುರದ ಕಡೆಗೆ ಬರುತ್ತದೆಂದು ವಿಮಾನ ನಿಲ್ದಾಣವನ್ನು ಮುಚ್ಚಿ, ದಕ್ಷಿಣದ ಜಿಲ್ಲೆಗಳಿಗೆ ರಜೆ ಸಾರಿ ಕಾದಾಗ ಅದು ಮನ್ನಾರ್ ಕೊಲ್ಲಿಯಲ್ಲೇ ಸೊರಗಿತು. ಅಂದು ಕಡಲು ಒಮ್ಮೆಲೇ ತಣ್ಣಗಾಗಿರಲಿಲ್ಲ, ಮಿತಿರೇಖೆ ಕುಸಿದಿರಲಿಲ್ಲ. ಆ ಎಚ್ಚರಿಕೆಯನ್ನು ಸುಳ್ಳು ಭೀತಿಯೆಂದು ಬಗೆದವರು ಓಖಿಗೂ ಬುರೆವಿಗೂ ನಡುವಿನ ಅಂತರ ಎಷ್ಟು ತೆಳುವೆಂಬುದನ್ನು ಮರೆತರು.

ಆ ತೆಳು ಅಂತರವನ್ನು ಮುಂಚಿತವಾಗಿ ಕಾಣಬೇಕಾದರೆ ನೋಡಬೇಕಾದ ಜಾಗ ನೀರಿನ ಕೆಳಗೂ ಇದೆ. ಬಿರುಗಾಳಿ ಕಡಲನ್ನು ಕಲಕಿ ಆಳದ ತಣ್ಣೀರನ್ನು ಮೇಲೆ ತಂದು ತನ್ನ ಹಂಡೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಬಂಗಾಳ ಕೊಲ್ಲಿಯಿಂದ ಬಂದ ಹಗುರ ನೀರಿನ ತಡೆಪದರವಿದ್ದಲ್ಲಿ ಹಾಗೆ ಆರಿಸಿಕೊಳ್ಳಲಾಗದೆ ಬಲಿಯುತ್ತಲೇ ಹೋಗಬಹುದು. ಆ ಪದರ ದಟ್ಟವಾಗುವುದು ನವೆಂಬರ್‌ನಿಂದ ಮುಂದಿನ ತಿಂಗಳುಗಳಲ್ಲಿ, ಸರಿಯಾಗಿ ಹಿಂಗಾರಿನ ಕಿಂಡಿ ತೆರೆದಿರುವಾಗ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಕಡಲಿನ ಮೇಲಿನ ಪದರಗಳಲ್ಲಿ ಅಡಗಿರುವ ಶಾಖವನ್ನು ಉಪಗ್ರಹಗಳ ನೆರವಿನಿಂದ ಅಂದಾಜಿಸಿ ಪ್ರಕಟಿಸುತ್ತದೆ. ಆದರೆ ಪದರದ ಉಪ್ಪನ್ನೂ ಉಷ್ಣತೆಯನ್ನೂ ನೇರವಾಗಿ ಅಳೆಯುವ ಆರ್ಗೊ ತೇಲುಯಂತ್ರ ಸಾವಿರ ಮೀಟರ್ ಆಳದಲ್ಲಿ ತೇಲುತ್ತಿದ್ದು, ಎರಡು ಸಾವಿರ ಮೀಟರಿಗೆ ಇಳಿದು, ಅಳೆಯುತ್ತ ಮೇಲೆ ಬರುವುದು ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ. ಓಖಿ ವಾಯುಭಾರ ಕುಸಿತದಿಂದ ಅತಿ ತೀವ್ರ ಚಂಡಮಾರುತವಾಗಲು ತೆಗೆದುಕೊಂಡದ್ದು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲ. ಕೊಚ್ಚಿಗೂ ಮಿನಿಕಾಯ್ ದ್ವೀಪಕ್ಕೂ ನಡುವೆ ನಾಲ್ಕು ನೂರು ಕಿಲೋಮೀಟರಿನ ಆಸುಪಾಸಿನ ಆ ಕಡಲಿನಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಾದರೂ, ಗಂಟೆಗಂಟೆಗೂ ನೀರಿನ ಪದರಗಳನ್ನು ಅಳೆದು ತಿಳಿಸುವ ಲಂಗರು ಹಾಕಿದ ತೇಲುಸಾಧನಗಳು ಒಂದೆರಡಕ್ಕೆ ನಿಲ್ಲದೆ ಸಾಲಾಗಿ ಇರಬೇಕು.